ಮೊದಲು ತಟ್ಟೆ, ಆಮೇಲೆ ಡಬ್ಬಿ

(ದೇಹಾರೋಗ್ಯ ಕುರಿತ ವಾರ್ಷಿಕ ದತ್ತಿ ಉಪನ್ಯಾಸದ ಪಠ್ಯ)



ಈ ದತ್ತಿ ಒಬ್ಬ ವ್ಯಾಯಾಮ ಶಿಕ್ಷಕರ ನೆನಪಿಗೆ ಅವರ ಮಕ್ಕಳು ಇಟ್ಟದ್ದು. ಉಪನ್ಯಾಸ ದೇಹಾರೋಗ್ಯಕ್ಕೆ ಸಂಬಂಧಿಸಿರಬೇಕು, ಮುಂದಿನ ಸಾಲಿನ ಹಿರಿಯರಿಗಷ್ಟೇ ಅಲ್ಲ, ಹಿಂದಿನ ಬೆಂಚಿನ ಹುಡುಗರಿಗೂ ತಿಳಿಯುವಂತಿರಬೇಕು ಎಂಬುದು ಅವರ ಷರತ್ತು. ಮೊದಲ ಷರತ್ತು ಸುಲಭ, ಎರಡನೆಯದು ಕಷ್ಟ. ಅದಕ್ಕೇ ಹಿಂದಿನ ಬೆಂಚಿನವರು ದಿನವೂ ಮಾತಾಡಿಕೊಳ್ಳುವ ವಿಷಯವನ್ನೇ ಆರಿಸಿಕೊಂಡಿದ್ದೇನೆ. ಜಿಮ್‌ಗೆ ಈಗಷ್ಟೇ ಸೇರಿದವರಿಗೆ ಪ್ರೋಟೀನ್ ಪೌಡರ್ ಬೇಕೆ?

ಉತ್ತರವನ್ನು ಕೊನೆಯವರೆಗೆ ಬಚ್ಚಿಡುವುದಿಲ್ಲ. ಬಹುಪಾಲು ಹೊಸಬರಿಗೆ ಬೇಡ. ಕೆಲವರಿಗೆ ಉಪಯೋಗಕ್ಕೆ ಬರುತ್ತದೆ. ಆ ಕೆಲವರು ಯಾರು ಎಂಬುದು ಡಬ್ಬಿಯ ಮೇಲೆ ಬರೆದಿರುವುದಿಲ್ಲ, ಅವರವರ ತಟ್ಟೆಯ ಲೆಕ್ಕ ಹಾಕಿದರೆ ಗೊತ್ತಾಗುತ್ತದೆ. ನಾನು ಇವತ್ತು ಹೇಳಬೇಕೆಂದಿರುವುದು ಇಷ್ಟೇ. ಉಳಿದದ್ದೆಲ್ಲ ಇದಕ್ಕೆ ಕಾರಣ ಮತ್ತು ಲೆಕ್ಕ.

ಡಬ್ಬಿಯೊಳಗೆ ಏನಿದೆ

ಮೊದಲು ಮನೆಯವರ ಭಯ ಕಳೆಯೋಣ. ಮಗ ಕರಿ ಡಬ್ಬಿಯೊಂದನ್ನು ಮನೆಗೆ ತಂದನೆಂದರೆ ತಾಯಿಗೆ ಗಾಬರಿ, 'ಏನೋ ಸ್ಟೀರಾಯ್ಡು ತಿಂತಿದ್ದಾನೆ' ಅಂತ. ಹೆಚ್ಚಿನ ಡಬ್ಬಿಗಳಲ್ಲಿ ಇರುವುದು ವ್ಹೇ ಪ್ರೋಟೀನ್. ಅದು ಹಾಲಿನದೇ ಭಾಗ. ಮನೆಯಲ್ಲಿ ಹಾಲು ಒಡೆಸಿ ಪನೀರ್ ಮಾಡಿದಾಗ ಬಟ್ಟೆಯಿಂದ ಬಸಿದು ಹೋಗುವ ಹಸಿರು ಛಾಯೆಯ ತಿಳಿನೀರು ಇರುತ್ತದಲ್ಲ, ಅದೇ ಬಗೆಯ ನೀರು ಚೀಸ್ ಕಾರ್ಖಾನೆಗಳಲ್ಲಿ ಟ್ಯಾಂಕರ್‌ಗಟ್ಟಲೆ ಉಳಿಯುತ್ತದೆ. ಅದನ್ನು ಸೋಸಿ, ಸಕ್ಕರೆ ಕೊಬ್ಬುಗಳನ್ನು ತೆಗೆದು, ಒಣಗಿಸಿದರೆ ಈ ಪುಡಿ. ಹಸುವಿನ ಹಾಲಿನ ಪ್ರೋಟೀನಿನಲ್ಲಿ ಸುಮಾರು 80 ಭಾಗ ಕೇಸೀನ್, 20 ಭಾಗ ವ್ಹೇ. ಚೀಸ್ ಮಾಡುವಾಗ ಕೇಸೀನ್ ಚೀಸಿನಲ್ಲಿ ಉಳಿಯುತ್ತದೆ, ವ್ಹೇ ನೀರಿನಲ್ಲಿ ಹೋಗುತ್ತದೆ.

ಗುಣದಲ್ಲಿ ಇದು ಒಳ್ಳೆಯ ಪ್ರೋಟೀನ್, ಅದರಲ್ಲಿ ಅನುಮಾನವಿಲ್ಲ. ಬೇಗ ಜೀರ್ಣವಾಗುತ್ತದೆ. ಸ್ನಾಯು ಕಟ್ಟುವ ಕೆಲಸಕ್ಕೆ ಚಾಲನೆ ಕೊಡುವ ಲ್ಯೂಸಿನ್ ಎಂಬ ಅಮೈನೋ ಆಮ್ಲ ಇದರಲ್ಲಿ ಹೇರಳ. 30 ಗ್ರಾಮಿನ ಒಂದು ಸ್ಕೂಪಿನಲ್ಲಿ ಸುಮಾರು 24 ಗ್ರಾಂ ಪ್ರೋಟೀನ್ ಇರುತ್ತದೆ. ಇದು ವಿಷವೂ ಅಲ್ಲ, ಮದ್ದೂ ಅಲ್ಲ, ಒಣಗಿಸಿದ ಹಾಲಿನ ಒಂದು ಪದಾರ್ಥ. ಹಾಲಿಗೆ ನಾವು ಯಾರೂ ಪವಾಡದ ಶಕ್ತಿ ಆರೋಪಿಸುವುದಿಲ್ಲ, ಹಾಲಿಗೆ ಹೆದರುವುದೂ ಇಲ್ಲ. ಪುಡಿಯ ವಿಷಯದಲ್ಲಿ ಎರಡನ್ನೂ ಮಾಡುತ್ತೇವೆ.

ಅಂಗಡಿಯ ಅದೇ ಕಪಾಟಿನಲ್ಲಿ ಇನ್ನೊಂದು ದೊಡ್ಡ ಡಬ್ಬಿ ಇರುತ್ತದೆ, ಮಾಸ್ ಗೇನರ್. ಬಡಕಲು ಹುಡುಗರಿಗೆ ಟ್ರೈನರ್ ಮೊದಲು ತೋರಿಸುವುದು ಅದನ್ನೇ. ಅದರಲ್ಲಿ ಹೆಚ್ಚು ಪಾಲು ಮಾಲ್ಟೋಡೆಕ್ಸ್ಟ್ರಿನ್, ಅಂದರೆ ಪಿಷ್ಟದಿಂದ ತೆಗೆದ, ಸಕ್ಕರೆಯಷ್ಟೇ ಬೇಗ ರಕ್ತಕ್ಕಿಳಿಯುವ ಪುಡಿ. ಎರಡು ಮುದ್ದೆಯಲ್ಲಿ ಸಿಗುವ ಶಕ್ತಿಯನ್ನು ಚಾಕೊಲೇಟ್ ವಾಸನೆ ಬೆರೆಸಿ ಹಲವು ಪಟ್ಟು ಬೆಲೆಗೆ ಮಾರುವ ವಿಧಾನ ಅದು. ಅದರ ಬಗ್ಗೆ ಇಷ್ಟು ಹೇಳಿದರೆ ಸಾಕು.

ನೂರೆಂಬತ್ತು ವರ್ಷ ಹಳೆಯ ನಂಬಿಕೆ

ಪ್ರೋಟೀನ್ ತಿಂದರೆ ಶಕ್ತಿ ಬರುತ್ತದೆ ಎಂಬ ನಂಬಿಕೆ ಇನ್‌ಸ್ಟಾಗ್ರಾಂ ಕಾಲದ್ದಲ್ಲ. 1842ರಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞ ಯುಸ್ಟುಸ್ ಫಾನ್ ಲೀಬಿಗ್ ಒಂದು ಸಿದ್ಧಾಂತ ಮುಂದಿಟ್ಟ. ಸ್ನಾಯು ದುಡಿದಾಗ ಸ್ನಾಯುವಿನ ಪ್ರೋಟೀನೇ ಉರಿದು ಶಕ್ತಿಯಾಗುತ್ತದೆ, ಆದ್ದರಿಂದ ದುಡಿಯುವವನಿಗೆ ಮಾಂಸ ಬೇಕೇ ಬೇಕು ಎಂದು. ಯುರೋಪಿನಲ್ಲಿ ಅವನ ಮಾತೆಂದರೆ ವೇದವಾಕ್ಯ. ಮುಂದೆ ಅವನ ಹೆಸರಿನಲ್ಲೇ ಮಾಂಸಸಾರ ಮಾರುವ ಕಂಪನಿ 1865ರಲ್ಲಿ ಹುಟ್ಟಿತು, ದಕ್ಷಿಣ ಅಮೆರಿಕದ ಉರುಗ್ವೇಯಲ್ಲಿ ದನದ ಮಾಂಸ ಬೇಯಿಸಿ ಬಟ್ಟಿಯಿಳಿಸಿದಂತಹ ಸಾರವನ್ನು ಯುರೋಪಿಗೆಲ್ಲ ಹಂಚಿತು. ತಮಾಷೆಯೆಂದರೆ ಆ ಸಾರದಲ್ಲಿ ರುಚಿ ಇತ್ತು, ಪ್ರೋಟೀನ್ ಇದ್ದದ್ದು ಅಲ್ಪಸ್ವಲ್ಪ.

ಅದೇ 1865ರ ಆಗಸ್ಟ್ ಕೊನೆಗೆ ಜ್ಯೂರಿಕ್‌ನ ಇಬ್ಬರು ಪ್ರಾಧ್ಯಾಪಕರು, ಅಡಾಲ್ಫ್ ಫಿಕ್ ಮತ್ತು ಯೋಹಾನೆಸ್ ವಿಸ್ಲಿಸೆನುಸ್, ಲೀಬಿಗ್‌ನ ಮಾತನ್ನು ಪರೀಕ್ಷಿಸಲು ಸ್ವಿಟ್ಜರ್ಲೆಂಡಿನ ಫೌಲ್‌ಹಾರ್ನ್ ಬೆಟ್ಟ ಹತ್ತಿದರು. ಹಿಂದಿನ ದಿನದಿಂದಲೇ ಪ್ರೋಟೀನ್ ಬಿಟ್ಟಿದ್ದರು. ದಾರಿಯಲ್ಲಿ ತಿಂದದ್ದು ಪಿಷ್ಟವನ್ನು ಕೊಬ್ಬಿನಲ್ಲಿ ಕರಿದ ಬಿಲ್ಲೆಗಳು, ಕುಡಿದದ್ದು ಸಕ್ಕರೆ ಹಾಕಿದ ಚಹಾ. ಹತ್ತುವಾಗ, ಹತ್ತಿದ ಮೇಲೆ ತಮ್ಮ ಮೂತ್ರವನ್ನು ಸಂಗ್ರಹಿಸಿ ಅದರಲ್ಲಿನ ಸಾರಜನಕ ಅಳೆದರು. ಪ್ರೋಟೀನ್ ಉರಿದರೆ ಅದರ ಸಾರಜನಕ ಮೂತ್ರದಲ್ಲಿ ಹೊರಬೀಳಲೇಬೇಕು. ಸುಮಾರು ಎರಡು ಸಾವಿರ ಮೀಟರ್ ಎತ್ತರಕ್ಕೆ ತಮ್ಮ ದೇಹವನ್ನು ಹೊತ್ತೊಯ್ಯಲು ಬೇಕಾದ ಶಕ್ತಿಗೆ, ಉರಿದ ಪ್ರೋಟೀನ್ ಅರ್ಧಕ್ಕೂ ಸಾಲದು ಎಂದು ಲೆಕ್ಕ ತೋರಿಸಿತು. ದುಡಿಮೆಯ ಮುಖ್ಯ ಇಂಧನ ಪಿಷ್ಟ ಮತ್ತು ಕೊಬ್ಬು ಎಂಬ ತಿಳಿವಳಿಕೆಗೆ ಅಲ್ಲಿಂದ ದಾರಿ ತೆರೆಯಿತು.

ಸಿದ್ಧಾಂತ ಬಿದ್ದರೂ ವ್ಯಾಪಾರ ಬೀಳಲಿಲ್ಲ. 1900ರ ಸುಮಾರಿಗೆ ಪ್ಲಾಸ್ಮಾನ್ ಎಂಬ ಪುಡಿ ಮಾರುಕಟ್ಟೆಗೆ ಬಂತು. ಒಣಗಿಸಿದ ಹಾಲಿನ ಪ್ರೋಟೀನೇ ಅದು. ಜಗದ್ವಿಖ್ಯಾತ ದೇಹದಾರ್ಢ್ಯ ಪಟು ಯೂಜೆನ್ ಸ್ಯಾಂಡೋ ಅದರ ಜಾಹೀರಾತಿಗೆ ನಿಂತ. ಅಮೆರಿಕದ ಲೇಖಕ ಮಾರ್ಕ್ ಟ್ವೇನ್ ಅದರ ಕಂಪನಿಯಲ್ಲಿ ಹಣ ಹೂಡಿ ಕಳೆದುಕೊಂಡ. ಇವತ್ತು ನಾಯಕನಟರು ಶೇಕರ್ ಹಿಡಿದು ನಿಲ್ಲುವ ಪೋಸ್ಟರ್‌ಗಳಿಗೆ ಮೂಲಪುರುಷ ಸ್ಯಾಂಡೋ ಎಂದರೆ ತಪ್ಪಾಗದು. ಅವನು 1905ರ ಸುಮಾರಿಗೆ ಭಾರತಕ್ಕೂ ಬಂದು ಪ್ರದರ್ಶನ ಕೊಟ್ಟು ಹೋದ.

ಮೈ ಕಟ್ಟುವ ಹಂಬಲ ನಮ್ಮ ಕಡೆಯೂ ಹೊಸದಲ್ಲ. 'ಶಾಂತಲಾ' ಕಾದಂಬರಿಯ ಕೆ.ವಿ. ಅಯ್ಯರ್ ಅವರನ್ನು ಸಾಹಿತ್ಯದ ವಿದ್ಯಾರ್ಥಿಗಳು ಬಲ್ಲರು. ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ವ್ಯಾಯಾಮಶಾಲೆ ನಡೆಸಿದವರೂ ಅವರೇ. ದೇಶದ ನಾನಾ ಕಡೆಯವರಿಗೆ ಅಂಚೆಯ ಮೂಲಕ ವ್ಯಾಯಾಮದ ಪಾಠ ಕಳಿಸುತ್ತಿದ್ದರು. ಇನ್ನು ಗರಡಿಮನೆಗಳ ವಿಷಯ. ಮೈಸೂರು, ದಾವಣಗೆರೆ, ಧಾರವಾಡ, ಬೆಳಗಾವಿ ಕಡೆ ಕೆಮ್ಮಣ್ಣಿನಲ್ಲಿ ಸಾಮು ಮಾಡಿದ ಪೈಲ್ವಾನರು ಹಾಲು, ತುಪ್ಪ, ಬಾದಾಮಿ, ಮಾಂಸ, ಮೊಟ್ಟೆಯಲ್ಲೇ ಮೈ ಕಟ್ಟಿದರು. ಹಳೆಯದೆಲ್ಲ ಚಿನ್ನವೆಂದು ನಾನು ಹೇಳುತ್ತಿಲ್ಲ. ಆ ಖುರಾಕಿನಲ್ಲಿ ತುಪ್ಪ ಅತಿಯಾಗಿತ್ತು, ಕುಸ್ತಿ ಬಿಟ್ಟ ಮೇಲೂ ಅದನ್ನೇ ತಿಂದವರು ತೊಂದರೆ ಪಟ್ಟರು. ಆದರೆ ಒಂದು ಮಾತು ಸ್ಪಷ್ಟ. ಮೈ ಕಟ್ಟಲು ಪುಡಿ ಅನಿವಾರ್ಯವಾಗಿದ್ದರೆ ಅವರು ಯಾರೂ ಅಖಾಡಕ್ಕೆ ಇಳಿಯುವಂತಿರಲಿಲ್ಲ.

ಮೈಸೂರಿನ ಪುಡಿ ಕಲಿಸಿದ ಪಾಠ

ಇನ್ನೊಂದು ಪುಡಿಯ ಕಥೆ ನಮ್ಮ ಮೈಸೂರಿನದೇ. 1950ರಲ್ಲಿ ಚೆಲುವಾಂಬ ಅರಮನೆಯಲ್ಲಿ ಆರಂಭವಾದ ಸಿಎಫ್‌ಟಿಆರ್‌ಐ, ಅಂದರೆ ಕೇಂದ್ರೀಯ ಆಹಾರ ಸಂಶೋಧನಾಲಯ, ಮೊದಲ ದಶಕದಲ್ಲೇ ಒಂದು ಪ್ರೋಟೀನ್ ಪುಡಿ ತಯಾರಿಸಿತು. ಮುಕ್ಕಾಲು ಪಾಲು ಎಣ್ಣೆ ತೆಗೆದ ಕಡಲೆಕಾಯಿ ಹಿಟ್ಟು, ಕಾಲು ಪಾಲು ಕಡಲೆ ಹಿಟ್ಟು, ಜೊತೆಗೆ ಜೀವಸತ್ವ, ಸುಣ್ಣದ ಅಂಶ. ಹೆಸರು ಮಲ್ಟಿಪರ್ಪಸ್ ಫುಡ್. ಸೊರಗಿದ ಮಕ್ಕಳಿಗಾಗಿ ಮಾಡಿದ ಆಹಾರವದು, ಅಗ್ಗದ್ದು, ದೇಶದಲ್ಲೇ ಬೆಳೆಯುವ ಕಾಳಿನದು.

ಆ ಕಾಲದಲ್ಲಿ ಜಗತ್ತಿನ ಪೌಷ್ಟಿಕ ತಜ್ಞರಿಗೆಲ್ಲ ಪ್ರೋಟೀನಿನದೇ ಚಿಂತೆ. ಬಡ ದೇಶಗಳ ಮಕ್ಕಳು ಸೊರಗುವುದು ಪ್ರೋಟೀನ್ ಕೊರತೆಯಿಂದ, ಈ ಅಂತರ ತುಂಬದಿದ್ದರೆ ಅನಾಹುತ ಎಂದು 1968ರಲ್ಲಿ ವಿಶ್ವಸಂಸ್ಥೆಯೇ ಎಚ್ಚರಿಕೆಯ ವರದಿ ಹೊರಡಿಸಿತು. ಆಗ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಸಿ. ಗೋಪಾಲನ್, ಪುಣೆಯ ಪಿ.ವಿ. ಸುಖಾತ್ಮೆ ಮೊದಲಾದವರು ಬೇರೆ ಮಾತು ಹೇಳಿದರು. ನಮ್ಮ ಮಕ್ಕಳಿಗೆ ಕಡಿಮೆ ಬಿದ್ದಿರುವುದು ಪ್ರೋಟೀನ್ ಒಂದೇ ಅಲ್ಲ, ಒಟ್ಟು ಊಟವೇ ಕಡಿಮೆ ಬಿದ್ದಿದೆ. ಅನ್ನ, ರೊಟ್ಟಿ, ಬೇಳೆಯ ರೂಢಿಯ ಊಟವನ್ನೇ ಹೊಟ್ಟೆ ತುಂಬ ಕೊಟ್ಟರೆ ಬೇಕಾದ ಪ್ರೋಟೀನಿನ ಬಹುಪಾಲು ಅದರೊಳಗೇ ಬರುತ್ತದೆ. 1974ರಲ್ಲಿ ಡೊನಾಲ್ಡ್ ಮೆಕ್‌ಲಾರೆನ್ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬರೆದ ಲೇಖನ ಇಡೀ ಪ್ರೋಟೀನ್ ಗದ್ದಲವನ್ನು ದೊಡ್ಡ ಎಡವಟ್ಟು ಎಂದೇ ಕರೆಯಿತು.

ಜಿಮ್‌ಗೆ ಸೇರಿದ ಹುಡುಗನಿಗೂ ಇದಕ್ಕೂ ಏನು ಸಂಬಂಧ? ನೇರ ಸಂಬಂಧವಿದೆ. ಹೊಟ್ಟೆಗೆ ಬೇಕಾದಷ್ಟು ಬೀಳದಿದ್ದರೆ ದೇಹ ಪ್ರೋಟೀನನ್ನೂ ಇಂಧನವಾಗಿ ಉರಿಸಿಬಿಡುತ್ತದೆ. ಒಲೆಗೆ ಸೌದೆಯಿಲ್ಲವೆಂದು ಮನೆಕಟ್ಟಲು ತಂದ ತೇಗದ ಹಲಗೆಯನ್ನು ಸೀಳಿ ಹಾಕಿದ ಹಾಗೆ. ಬೆಳಿಗ್ಗೆ ತಿಂಡಿ ಬಿಟ್ಟು, ಮಧ್ಯಾಹ್ನ ಪಫ್ಸ್ ತಿಂದು, ಸಂಜೆ ಕಬ್ಬಿಣ ಎತ್ತಿ, ದುಬಾರಿ ವ್ಹೇ ಕುಡಿಯುವ ಹುಡುಗ ಮಾಡುತ್ತಿರುವುದು ಇದನ್ನೇ. ಅವನಿಗೆ ಮೊದಲು ಬೇಕಾದದ್ದು ತಿಂಡಿ.

ಮೊದಲ ಮೂರು ತಿಂಗಳಲ್ಲಿ ಮೈಯೊಳಗೆ ನಡೆಯುವುದು

ಹೊಸದಾಗಿ ಭಾರ ಎತ್ತಲು ಶುರು ಮಾಡಿದವರಿಗೆ ಮೊದಲ ಕೆಲವು ವಾರಗಳಲ್ಲಿ ಒಂದು ಸಂತೋಷ ಕಾದಿರುತ್ತದೆ. ಇಪ್ಪತ್ತು ಕಿಲೋ ಬಾರ್ ಹಿಡಿದರೆ ತೂಗಾಡುತ್ತಿದ್ದ ಕೈ ತಿಂಗಳಾಗುವಷ್ಟರಲ್ಲಿ ಮೂವತ್ತು ಕಿಲೋವನ್ನು ನೆಟ್ಟಗೆ ಎತ್ತುತ್ತದೆ. ಕನ್ನಡಿಯಲ್ಲಿ ನೋಡಿದರೆ ತೋಳು ಮೊದಲಿನಂತೆಯೇ ಇರುತ್ತದೆ. ಇಲ್ಲಿ ದೊಡ್ಡ ಪಾಲು ನರಮಂಡಲದ್ದು. ಇದ್ದ ಸ್ನಾಯುತಂತುಗಳನ್ನೇ ಹೆಚ್ಚು ಸಂಖ್ಯೆಯಲ್ಲಿ, ಒಂದೇ ಗಳಿಗೆಗೆ ದುಡಿಸುವುದನ್ನು ಮಿದುಳು ಮತ್ತು ನರಗಳು ಕಲಿಯುತ್ತವೆ. 1979ರಲ್ಲಿ ಮೊರಿಟಾನಿ ಮತ್ತು ಡಿವ್ರೀಸ್ ಎಂಬ ಸಂಶೋಧಕರು ಇದನ್ನು ಅಳೆದು ತೋರಿಸಿದರು. ಸ್ನಾಯು ದಪ್ಪವಾಗುವುದರ ಪಾಲು ಅನಂತರದ ವಾರಗಳಲ್ಲಿ ಏರುತ್ತ ಹೋಗುತ್ತದೆ.

ಈಗ ಎಡವಟ್ಟು ಎಲ್ಲಾಗುತ್ತದೆ ನೋಡಿ. ಹುಡುಗ ಜಿಮ್ ಸೇರಿದ ವಾರವೇ ಡಬ್ಬಿಯನ್ನೂ ಕೊಂಡಿರುತ್ತಾನೆ. ಶಕ್ತಿ ಏರಿದ್ದು ಕಣ್ಣಿಗೆ ಕಾಣುತ್ತದೆ, ಕೀರ್ತಿ ಡಬ್ಬಿಗೆ ಹೋಗುತ್ತದೆ. ಡಬ್ಬಿ ಕೊಳ್ಳದ ಗೆಳೆಯನಿಗೂ ಅಷ್ಟೇ ಏರಿದೆಯೆಂಬುದನ್ನು ಯಾರೂ ಗಮನಿಸುವುದಿಲ್ಲ.

ಗಮನಿಸಿದವರು ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದ ತಂಡದವರು. 2018ರಲ್ಲಿ ಅವರು 49 ಪ್ರಯೋಗಗಳನ್ನು, ಒಟ್ಟು 1,863 ಮಂದಿಯ ಫಲಿತಾಂಶಗಳನ್ನು ಒಟ್ಟುಗೂಡಿಸಿ ನೋಡಿದರು. ಪುಡಿಯಿಲ್ಲದೆ ಬರೀ ಭಾರದ ವ್ಯಾಯಾಮ ಮಾಡಿದವರ ಗರಿಷ್ಠ ಎತ್ತುವಿಕೆ ಸರಾಸರಿ 27 ಕಿಲೋದಷ್ಟು ಏರಿತ್ತು. ಪ್ರೋಟೀನ್ ಹೆಚ್ಚಿಗೆ ಕೊಟ್ಟಾಗ ಅದಕ್ಕೆ ಸೇರಿದ್ದು ಸುಮಾರು ಎರಡೂವರೆ ಕಿಲೋ. ಕೊಬ್ಬು ಬಿಟ್ಟು ಉಳಿದ ಮೈತೂಕದಲ್ಲಿ ವ್ಯಾಯಾಮದಿಂದಲೇ ಒಂದು ಕಿಲೋಗಿಂತ ತುಸು ಹೆಚ್ಚು ಬಂದಿದ್ದರೆ, ಪ್ರೋಟೀನ್ ಸೇರಿಸಿದ್ದು 300 ಗ್ರಾಂ. ಈ ಕೊಬ್ಬುರಹಿತ ಮೈತೂಕದ ಹೆಚ್ಚಳದಲ್ಲಿ ಲಾಭ ಕಂಡದ್ದು ಹಳಬರಿಗೆ ಹೆಚ್ಚು, ಹೊಸಬರಿಗೆ ಕಡಿಮೆ. ಇನ್ನೂ ಒಂದು ಮುಖ್ಯ ಸಂಗತಿ: ದಿನದ ಒಟ್ಟು ಪ್ರೋಟೀನ್ ಮೈತೂಕದ ಕಿಲೋಗೆ ಸುಮಾರು 1.6 ಗ್ರಾಂ ಮುಟ್ಟಿದ ಮೇಲೆ ಇನ್ನೆಷ್ಟು ಸುರಿದರೂ ಸ್ನಾಯು ಜಾಸ್ತಿಯಾಗಲಿಲ್ಲ.

ಪ್ರಯೋಜನ ಸೊನ್ನೆ ಎಂದು ಈ ಅಂಕಿಗಳು ಹೇಳುವುದಿಲ್ಲ. ಅದು ಸಣ್ಣದು, ಎತ್ತುವ ಶಕ್ತಿಯ ಏರಿಕೆಯಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಕೆಲಸ ಭಾರದ್ದು ಎನ್ನುತ್ತವೆ. ಜೊತೆಗೆ, ಆ ಸಣ್ಣ ಪ್ರಯೋಜನವೂ ಪ್ರೋಟೀನಿನದು, ಡಬ್ಬಿಯದಲ್ಲ. ಅಷ್ಟೇ ಪ್ರೋಟೀನ್ ಮೊಟ್ಟೆಯಿಂದಲೋ ಕಾಳಿನಿಂದಲೋ ಬಂದರೂ ನಡೆಯುತ್ತದೆ.

ವ್ಯಾಯಾಮ ಮುಗಿದ ಅರ್ಧ ಗಂಟೆಯೊಳಗೆ ಕುಡಿಯದಿದ್ದರೆ ಎಲ್ಲ ವ್ಯರ್ಥ ಎಂಬ ಮಾತು ಜಿಮ್‌ಗಳಲ್ಲಿ ಜನಜನಿತ. ಸ್ನಾಯು ದುರಸ್ತಿಯ ಕೆಲಸ ವ್ಯಾಯಾಮದ ನಂತರ ಒಂದೆರಡು ದಿನ ಚುರುಕಾಗಿಯೇ ಇರುತ್ತದೆ. ದಿನದ ಮೊತ್ತ ಸರಿಯಿದ್ದರೆ ಗಡಿಯಾರದ ಮಹತ್ವ ಬಹಳ ಕಡಿಮೆ. ಏಳು ಗಂಟೆಗೆ ಜಿಮ್ ಮುಗಿಸಿ ಎಂಟೂವರೆಗೆ ಮನೆಯಲ್ಲಿ ಊಟಕ್ಕೆ ಕುಳಿತವನಿಗೆ ಏನೂ ನಷ್ಟವಿಲ್ಲ.

ಒಂದು ದಿನದ ಲೆಕ್ಕ

ಈಗ ಎಷ್ಟು ಬೇಕು ಎಂಬ ಪ್ರಶ್ನೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ನಿಗದಿ ಮಾಡಿದ ಪ್ರಕಾರ ಸಾಮಾನ್ಯ ವಯಸ್ಕರಿಗೆ ದಿನಕ್ಕೆ ಕಿಲೋ ಮೈತೂಕಕ್ಕೆ 0.83 ಗ್ರಾಂ. 60 ಕಿಲೋ ತೂಗುವವನಿಗೆ 50 ಗ್ರಾಂ. ಭಾರ ಎತ್ತುವವರಿಗೆ 1.2ರಿಂದ 1.6 ಎಂದಿಟ್ಟುಕೊಂಡರೆ 72ರಿಂದ 96 ಗ್ರಾಂ. ಹೊಸಬರು ಈ ಅಳತೆಯ ಕೆಳತುದಿಯನ್ನು ಗುರಿಯಾಗಿಟ್ಟುಕೊಂಡರೆ ಧಾರಾಳವಾಯಿತು.

ರೂಮು ಮಾಡಿಕೊಂಡು ಮೆಸ್ಸಿನಲ್ಲಿ ಊಟ ಮಾಡುವ, 60 ಕಿಲೋ ತೂಗುವ ವಿದ್ಯಾರ್ಥಿಯ ಒಂದು ದಿನವನ್ನು ಬಿಡಿಸಿ ನೋಡೋಣ. ನನ್ನ ತರಗತಿಯ ಹುಡುಗರು ಬರೆದು ತರುವ ಪಟ್ಟಿಗಳು ಹೆಚ್ಚುಕಡಿಮೆ ಹೀಗೇ ಇರುತ್ತವೆ. ಬೆಳಿಗ್ಗೆ ಮೂರು ಇಡ್ಲಿ, ಚಟ್ನಿ, ಸಾಂಬಾರು: 8 ಗ್ರಾಂ. ಮಧ್ಯಾಹ್ನ ತಟ್ಟೆ ತುಂಬ ಅನ್ನ, ತಿಳಿಸಾರು, ಪಲ್ಯ, ಮಜ್ಜಿಗೆ: 18 ಗ್ರಾಂ. ಸಂಜೆ ಚಹಾ, ಬಿಸ್ಕತ್ತು: 3 ಗ್ರಾಂ. ರಾತ್ರಿ ಎರಡು ಚಪಾತಿ, ಸ್ವಲ್ಪ ಅನ್ನ ಸಾರು: 15 ಗ್ರಾಂ. ಒಟ್ಟು 44. ಭಾರ ಎತ್ತದೆ ಸುಮ್ಮನೆ ಕುಳಿತವನಿಗೆ ಬೇಕಾದ 50ಕ್ಕೂ ಇದು ಸಾಲದು. ತಿಂಡಿ ಬಿಟ್ಟ ದಿನ 36.

ಹಾಗಾಗಿ ಟ್ರೈನರ್ ಹೇಳುವ 'ನಿನಗೆ ಪ್ರೋಟೀನ್ ಕಮ್ಮಿ ಇದೆ' ಎಂಬ ಮಾತು ಸುಳ್ಳಲ್ಲ. ರೋಗವನ್ನು ಆತ ಸರಿಯಾಗಿಯೇ ಗುರುತಿಸಿದ್ದಾನೆ. ಕಮಿಷನ್ ಬರುವುದು ಡಬ್ಬಿಯಿಂದಾದ್ದರಿಂದ ಡಬ್ಬಿಯನ್ನೇ ಬರೆದುಕೊಡುತ್ತಾನೆ. ಎಷ್ಟೋ ಜಿಮ್‌ಗಳಲ್ಲಿ ಟ್ರೈನರ್‌ಗಳಿಗೆ ಸಿಗುವ ಸಂಬಳ ನೋಡಿದರೆ ಅವರ ಮೇಲೆ ಸಿಟ್ಟು ಮಾಡುವುದಕ್ಕೂ ಮನಸ್ಸು ಬಾರದು.

ಅದೇ ದಿನಕ್ಕೆ ನಾಲ್ಕು ಸೇರ್ಪಡೆ ಮಾಡಿ. ತಿಂಡಿಯ ಜೊತೆ ಎರಡು ಬೇಯಿಸಿದ ಮೊಟ್ಟೆ, 13 ಗ್ರಾಂ. ಮಧ್ಯಾಹ್ನ ಒಂದು ಹಿಡಿ, ಅಂದರೆ ಒಣತೂಕದಲ್ಲಿ 30 ಗ್ರಾಂ, ಹೆಸರುಕಾಳಿನ ಉಸಲಿ, 7 ಗ್ರಾಂ. ಸಂಜೆ ಬಿಸ್ಕತ್ತಿನ ಜೊತೆಗೊಂದು ಹಿಡಿ ಹುರಿದ ಕಡಲೆಕಾಯಿ, 7 ಗ್ರಾಂ. ಮಲಗುವ ಮುಂಚೆ ಒಂದು ಲೋಟ ಹಾಲು, 6 ಗ್ರಾಂ. ಸೇರಿಸಿದ್ದು 33, ಒಟ್ಟು 77. ಗುರಿ ದಾಟಿತು. ಮೊಟ್ಟೆ ತಿನ್ನದವರು 25 ಗ್ರಾಂ ಸೋಯಾ ಚಂಕ್ಸ್ ಅಥವಾ 70 ಗ್ರಾಂ ಪನೀರ್ ಹಾಕಿಕೊಂಡರೆ ಅಷ್ಟೇ ಬರುತ್ತದೆ. ಕೋಳಿ, ಮೀನು ತಿನ್ನುವವರಿಗೆ ಈ ಲೆಕ್ಕ ಇನ್ನೂ ಸಲೀಸು. 100 ಗ್ರಾಂ ಕೋಳಿ ಎದೆಮಾಂಸದಲ್ಲೇ 20 ಗ್ರಾಮಿಗೂ ಹೆಚ್ಚಿದೆ.

ಬೆಲೆಗೆ ಬರೋಣ. ಬೆಲೆ ಊರಿಂದ ಊರಿಗೆ ಬದಲಾಗುತ್ತದೆ, ಲೆಕ್ಕದ ರೀತಿ ಮುಖ್ಯ. ಒಂದು ಕಿಲೋ ವ್ಹೇ ಡಬ್ಬಿಗೆ 2,500 ರೂಪಾಯಿ ಎಂದು ಹಿಡಿದರೆ, ಅದರಲ್ಲಿರುವ ಸುಮಾರು 800 ಗ್ರಾಂ ಪ್ರೋಟೀನ್ ಗ್ರಾಮಿಗೆ 3 ರೂಪಾಯಿ ಬೀಳುತ್ತದೆ. ಮೊಟ್ಟೆ 7 ರೂಪಾಯಿಯಾದರೆ ಗ್ರಾಮಿಗೆ 1 ರೂಪಾಯಿ ಚಿಲ್ಲರೆ. ಹುರುಳಿ ಕಿಲೋಗೆ 100 ಆದರೆ ಗ್ರಾಮಿಗೆ 50 ಪೈಸೆಯೊಳಗೆ. ಪನೀರ್ ಕಿಲೋಗೆ 400 ಆದರೆ 2 ರೂಪಾಯಿ. ಬಾದಾಮಿ ಕಿಲೋಗೆ 900 ಆದರೆ ಸುಮಾರು 5 ರೂಪಾಯಿ. ನೋಡಿ, ಅಜ್ಜಿ ಶಿಫಾರಸು ಮಾಡುವ ಬಾದಾಮಿ ಮೊಮ್ಮಗನ ವ್ಹೇಗಿಂತ ದುಬಾರಿ! ಪ್ರೋಟೀನಿಗೆಂದು ಬಾದಾಮಿ ತಿನ್ನುವುದು ಶ್ರೀಮಂತರ ಹವ್ಯಾಸ, ಹುರುಳಿಕಾಳು ತಿನ್ನುವುದು ಬುದ್ಧಿವಂತರದು.

ಬೇಳೆಕಾಳಿನ ಮೇಲಿನ ಆಕ್ಷೇಪ

ಇಲ್ಲಿ ಓದಿಕೊಂಡ ಹುಡುಗರು ಒಂದು ಆಕ್ಷೇಪ ಎತ್ತುತ್ತಾರೆ, ಅದು ಸರಿಯಾದದ್ದೇ. ಗ್ರಾಂ ಎಣಿಸಿದರೆ ಸಾಲದು, ಗುಣವನ್ನೂ ನೋಡಬೇಕು. ಅಕ್ಕಿ, ರಾಗಿ, ಜೋಳದಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ ಕಡಿಮೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಅನುರಾ ಕುರ್ಪಾಡ್ ಮತ್ತು ಸಂಗಡಿಗರು ಭಾರತೀಯರ ಮೇಲೆಯೇ ನಡೆಸಿದ ಅಧ್ಯಯನಗಳು ಲೈಸಿನ್ ಅಗತ್ಯ ಹಿಂದೆ ಎಣಿಸಿದ್ದಕ್ಕಿಂತ ಬಹಳ ಹೆಚ್ಚೆಂದು ತೋರಿಸುವಲ್ಲಿ ಮುಖ್ಯ ಪಾತ್ರ ವಹಿಸಿದವು. ಕಿಲೋ ಮೈತೂಕಕ್ಕೆ 12 ಮಿಲಿಗ್ರಾಂ ಎಂದಿದ್ದ ಅಂತರರಾಷ್ಟ್ರೀಯ ಅಳತೆ 2007ರಲ್ಲಿ 30 ಮಿಲಿಗ್ರಾಂ ಆಯಿತು. ಅದೇ ಪ್ರಯೋಗಾಲಯ ಕಾಳುಗಳ ಜೀರ್ಣತೆಯನ್ನೂ ಅಳೆಯಿತು. ಮೊಟ್ಟೆಯ ಅಮೈನೋ ಆಮ್ಲಗಳಲ್ಲಿ ನೂರಕ್ಕೆ 89ರಷ್ಟು ದೇಹಕ್ಕೆ ದಕ್ಕಿದರೆ, ಸಿಪ್ಪೆಸಹಿತ ಹೆಸರುಕಾಳಿನಲ್ಲಿ ದಕ್ಕಿದ್ದು 63ರಷ್ಟು. ಸಿಪ್ಪೆ ತೆಗೆದಾಗ ಅದು 71ಕ್ಕೆ ಏರಿತು.

ಇದರಿಂದ ತಿಳಿಯಬೇಕಾದದ್ದು ಎರಡು. ಒಂದು, ಸಸ್ಯಾಹಾರಿಗಳು ಗುರಿಯನ್ನು ತುಸು ಮೇಲಕ್ಕೆ ಇಟ್ಟುಕೊಳ್ಳಬೇಕು, ಹಾಲು ಮೊಸರನ್ನು ಬಿಡಬಾರದು. ಎರಡು, ಧಾನ್ಯ ಮತ್ತು ಕಾಳಿನ ಜೋಡಿ ಮುರಿಯಬಾರದು. ಧಾನ್ಯದಲ್ಲಿ ಕಮ್ಮಿಯಿರುವ ಲೈಸಿನ್ ಕಾಳಿನಲ್ಲಿ ಹೆಚ್ಚು, ಕಾಳಿನಲ್ಲಿ ಕಮ್ಮಿಯಿರುವ ಮೆಥಿಯೊನಿನ್ ಧಾನ್ಯದಲ್ಲಿದೆ. ಮುದ್ದೆಗೆ ಹುರುಳಿ ಬಸ್ಸಾರು, ಜೋಳದ ರೊಟ್ಟಿಗೆ ಮಡಿಕೆಕಾಳು ಪಲ್ಯ, ಅಕ್ಕಿ ರೊಟ್ಟಿಗೆ ಅವರೆಕಾಳು ಎಂಬ ಜೋಡಿಗಳು ಅಡುಗೆಮನೆಯಲ್ಲಿ ಸುಮ್ಮನೆ ಉಳಿದುಬಂದವಲ್ಲ. ತೊಂದರೆ ಆಗಿರುವುದು ಪ್ರಮಾಣದಲ್ಲಿ. ಮುದ್ದೆ ದೊಡ್ಡದಾಗಿ ಉಳಿಯಿತು, ಸಾರಿನಲ್ಲಿ ಕಾಳು ತೇಲತೊಡಗಿತು. ತಟ್ಟೆಯಲ್ಲಿ ಕಾಳಿನ ಪಾಲು ದೊಡ್ಡದಾದರೆ ಅರ್ಧ ಸಮಸ್ಯೆ ಬಗೆಹರಿದಂತೆ.

ಚೀಟಿ ಓದುವ ವಿದ್ಯೆ

ಡಬ್ಬಿಯೊಳಗೆ ಪ್ರೋಟೀನ್ ಎಷ್ಟಿದೆ ಎಂದು ಅಳೆಯುವ ಹಳೆಯ ವಿಧಾನವನ್ನು 1883ರಲ್ಲಿ ಕೋಪನ್‌ಹೇಗನ್‌ನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದ ಯೋಹಾನ್ ಕೆಲ್ಡಾಲ್ ರೂಪಿಸಿದ. ಅದು ಅಳೆಯುವುದು ಸಾರಜನಕವನ್ನು. ಬಂದ ಅಂಕಿಯನ್ನು 6.25ರಿಂದ ಗುಣಿಸಿ ಪ್ರೋಟೀನ್ ಎಂದು ಬರೆಯುತ್ತಾರೆ. ಮೋಸಕ್ಕೆ ಕಿಂಡಿ ಇರುವುದು ಇಲ್ಲೇ. ಸಾರಜನಕವಿರುವ ಬೇರೆ ಅಗ್ಗದ ವಸ್ತು ಬೆರೆಸಿದರೂ ಅಂಕಿ ಏರುತ್ತದೆ. 2008ರಲ್ಲಿ ಚೀನಾದಲ್ಲಿ ನೀರು ಬೆರೆಸಿದ ಹಾಲಿಗೆ ಮೆಲಮೈನ್ ಹಾಕಿ ಈ ಪರೀಕ್ಷೆಯನ್ನು ವಂಚಿಸಿದರು. ಸುಮಾರು 3 ಲಕ್ಷ ಮಕ್ಕಳು ಅಸ್ವಸ್ಥರಾದರು, ಆರು ಕೂಸುಗಳು ಸತ್ತವು. ಜಿಮ್ ಪುಡಿಗಳಲ್ಲಿ ಗ್ಲೈಸಿನ್, ಟಾರಿನ್‌ನಂತಹ ಅಗ್ಗದ ಅಮೈನೋ ಆಮ್ಲ ಬೆರೆಸಿ ಅಂಕಿ ಏರಿಸುವ ಚಾಳಿಯೂ ಇದೆ.

2024ರಲ್ಲಿ ಕೇರಳದ ವೈದ್ಯರ ನೇತೃತ್ವದ ತಂಡವೊಂದು ನಮ್ಮ ಮಾರುಕಟ್ಟೆಯ 36 ಪ್ರೋಟೀನ್ ಪುಡಿಗಳನ್ನು ಪರೀಕ್ಷಿಸಿ ವರದಿ ಪ್ರಕಟಿಸಿತು. ಸುಮಾರು ಶೇಕಡಾ 70ರಷ್ಟು ಪುಡಿಗಳಲ್ಲಿ ಪ್ರೋಟೀನಿನ ಪ್ರಮಾಣ ಚೀಟಿಯ ಮೇಲಿನ ಅಂಕಿಗೆ ಹೊಂದಲಿಲ್ಲ. ಕೆಲವುಗಳಲ್ಲಿ ಹೇಳಿದ್ದರ ಅರ್ಧ ಮಾತ್ರ ಇತ್ತು. ಶೇಕಡಾ 14ರಲ್ಲಿ ಬೂಷ್ಟಿನಿಂದ ಬರುವ ಅಫ್ಲಾಟಾಕ್ಸಿನ್ ವಿಷ, ಶೇಕಡಾ 8ರಲ್ಲಿ ಕೀಟನಾಶಕದ ಅಂಶ ಸಿಕ್ಕಿತು. ಅದೇ ವರ್ಷ ಮೇ ತಿಂಗಳಲ್ಲಿ ರಾಷ್ಟ್ರೀಯ ಪೋಷಣಾ ಸಂಸ್ಥೆ ಹೊರತಂದ ಆಹಾರ ಮಾರ್ಗಸೂಚಿ, ಮೈ ಬೆಳೆಸಲು ಪ್ರೋಟೀನ್ ಪೂರಕಗಳನ್ನು ಬಳಸಬೇಡಿ ಎಂದೇ ಹೇಳಿತು. ಸೇರಿಸಿದ ಸಕ್ಕರೆ, ಕೃತಕ ಸಿಹಿ, ಕೃತಕ ಸುವಾಸನೆಗಳನ್ನು ಕಾರಣವಾಗಿ ಕೊಟ್ಟಿತು. ಎಲ್ಲರಿಗೂ ಒಂದೇ ಮಾತಿನಲ್ಲಿ ಬೇಡ ಎನ್ನುವುದು ನನ್ನ ದೃಷ್ಟಿಯಲ್ಲಿ ತುಸು ಬಿಗಿಯಾಯಿತು. ಹೊಸಬರ ಮಟ್ಟಿಗೆ ಅದು ಸರಿಯಾದ ಸಲಹೆ.

ಕೊಳ್ಳಲೇಬೇಕೆಂದರೆ ಡಬ್ಬಿಯ ಮುಂಭಾಗ ಬಿಟ್ಟು ಹಿಂಭಾಗ ಓದಿ. ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಕೊಡುವ 14 ಅಂಕಿಯ ಎಫ್‌ಎಸ್‌ಎಸ್‌ಎಐ ಪರವಾನಗಿ ಸಂಖ್ಯೆ ಇರಬೇಕು. ಸ್ಕೂಪಿನ ತೂಕವನ್ನೂ ಅದರಲ್ಲಿನ ಪ್ರೋಟೀನನ್ನೂ ಹೋಲಿಸಿ. 30 ಗ್ರಾಮಿಗೆ 24 ಇದ್ದರೆ ಸರಿ, 15 ಇದ್ದರೆ ಉಳಿದದ್ದು ಸಕ್ಕರೆಯೋ ಹಿಟ್ಟೋ. ಪದಾರ್ಥಗಳ ಪಟ್ಟಿ ತೂಕದ ಇಳಿಕೆಯ ಕ್ರಮದಲ್ಲಿರುತ್ತದೆ, ಮೊದಲ ಹೆಸರು ವ್ಹೇಯದಾಗಿರಲಿ. ಗ್ಲೈಸಿನ್, ಟಾರಿನ್ ಬೇರೆಯಾಗಿ ನಮೂದಾಗಿದ್ದರೆ ಬಿಟ್ಟುಬಿಡಿ. ಸೀಲು ಒಡೆದ, ಅರ್ಧ ಬೆಲೆಗೆ ಸಿಗುವ, ಬಿಲ್ಲಿಲ್ಲದ ಡಬ್ಬಿಯ ಹತ್ತಿರ ಹೋಗಬೇಡಿ. ಔಷಧೋಪಯೋಗಕ್ಕಲ್ಲ ಎಂಬ ಸಾಲನ್ನು ಕಾನೂನು ಅಲ್ಲಿ ಅಚ್ಚು ಹಾಕಿಸುತ್ತದೆ. ಅದನ್ನೂ ಒಮ್ಮೆ ಓದಿ.

ಯಾರಿಗೆ ಉಪಯೋಗ, ಯಾರಿಗೆ ಬೇಡ

ಅರವತ್ತು ದಾಟಿ ಹಸಿವು ಕುಗ್ಗಿದವರು ಭಾರದ ವ್ಯಾಯಾಮ ಶುರು ಮಾಡಿದರೆ ಅವರಿಗೆ ಒಂದು ಸ್ಕೂಪು ನಿಜವಾದ ಸಹಾಯ. ವಯಸ್ಸಾದಂತೆ ಅದೇ ಪ್ರೋಟೀನಿಗೆ ಸ್ನಾಯು ಸ್ಪಂದಿಸುವುದು ಕಡಿಮೆಯಾಗುತ್ತದೆ, ತಿನ್ನುವುದೂ ಕಡಿಮೆಯಾಗುತ್ತದೆ. ಕಾಯಿಲೆ, ಶಸ್ತ್ರಚಿಕಿತ್ಸೆಯಿಂದ ಏಳುತ್ತಿರುವವರಿಗೆ ವೈದ್ಯರ ಮಾತಿನಂತೆ ಕೊಡಬಹುದು. ಮೊಟ್ಟೆಯನ್ನೂ ಮುಟ್ಟದ, ಪಾಳಿಯಲ್ಲಿ ದುಡಿಯುವ, ಊಟದ ಹೊತ್ತು ತಪ್ಪುವವರಿಗೆ ಅದು ಅನುಕೂಲ. ವರ್ಷಗಟ್ಟಲೆ ಕಬ್ಬಿಣ ಎತ್ತಿ ಪಂದ್ಯಕ್ಕಿಳಿಯುವವರ ಲೆಕ್ಕವೇ ಬೇರೆ.

ಮೂತ್ರಪಿಂಡದ ಕಾಯಿಲೆ ಇರುವವರು ವೈದ್ಯರನ್ನು ಕೇಳದೆ ಮುಟ್ಟಬಾರದು. ಮೂತ್ರಪಿಂಡ ಸರಿಯಿರುವವರಿಗೆ ಇಷ್ಟು ಪ್ರೋಟೀನಿನಿಂದ ಹಾನಿಯಾದದ್ದು ಪ್ರಯೋಗಗಳಲ್ಲಿ ಕಂಡಿಲ್ಲ. ಆದರೆ ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರಲ್ಲಿ ಎಷ್ಟೋ ಜನಕ್ಕೆ ತಮ್ಮ ಮೂತ್ರಪಿಂಡದ ಸ್ಥಿತಿ ಗೊತ್ತೇ ಇರುವುದಿಲ್ಲ. ಅಂಥವರು ಮೊದಲು ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಲಿ. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವವರಿಗೆ ಸಾಧಾರಣ ವ್ಹೇಯೂ ಹಾಗೇ ಮಾಡೀತು.

ವಿದ್ಯಾರ್ಥಿಗಳಿಗೆ ನನ್ನ ಸಲಹೆ ಹೀಗಿದೆ. ಜಿಮ್ ಸೇರಿದ ದಿನ ಎರಡು ರೂಲು ಹಾಕಿದ ನೋಟ್‌ಬುಕ್ ತನ್ನಿ. ಒಂದರಲ್ಲಿ ಎತ್ತಿದ ಭಾರ, ಸೆಟ್ಟು, ರೆಪ್ಸು ಬರೆಯಿರಿ. ಇನ್ನೊಂದರಲ್ಲಿ ತಿಂದದ್ದು ಬರೆಯಿರಿ. ಮೂರು ತಿಂಗಳು ಭಾರ ಏರಿಸುತ್ತ, ಏಳೆಂಟು ಗಂಟೆ ನಿದ್ದೆ ಮಾಡುತ್ತ, ತಟ್ಟೆ ಸರಿಪಡಿಸುತ್ತ ಹೋಗಿ. ಆಮೇಲೂ ಪುಸ್ತಕದಲ್ಲಿ ದಿನಕ್ಕೆ 20 ಗ್ರಾಂ ಕೊರತೆ ಉಳಿದರೆ, ಅದನ್ನು ಊಟದಿಂದ ತುಂಬಲು ನಿಮ್ಮ ಪರಿಸ್ಥಿತಿ ಬಿಡದಿದ್ದರೆ, ಆಗ ಒಂದು ಸಣ್ಣ ಡಬ್ಬಿ ಕೊಳ್ಳಿ, ನನ್ನ ತಕರಾರಿಲ್ಲ. ಹೆಚ್ಚಿನವರಿಗೆ ಅಷ್ಟು ದೂರ ಹೋಗುವ ಅಗತ್ಯವೇ ಬೀಳದು.

ಈ ಕಾಲೇಜಿನ ಪ್ರಾಂಶುಪಾಲರಲ್ಲಿ ಒಂದು ಬಿನ್ನಹ. ಕರ್ನಾಟಕದ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಹತ್ತನೆಯ ತರಗತಿವರೆಗಿನ ಮಕ್ಕಳಿಗೆ ವಾರಕ್ಕೆ ಆರು ದಿನ ಮೊಟ್ಟೆ, ಬೇಡವೆಂದವರಿಗೆ ಬಾಳೆಹಣ್ಣು ಅಥವಾ ಚಿಕ್ಕಿ ಕೊಡುವ ವ್ಯವಸ್ಥೆ 2024ರಲ್ಲಿ ಬಂತು. ಆ ಮಕ್ಕಳು ಶಾಲೆ ದಾಟಿ ಕಾಲೇಜಿಗೆ ಬಂದಾಗ ಬೆಳೆಯುವ ವಯಸ್ಸು ಇನ್ನೂ ಮುಗಿದಿರುವುದಿಲ್ಲ. ನಿಮ್ಮ ಹಾಸ್ಟೆಲಿನ ಸಂಜೆಯ ಚಹಾದ ಜೊತೆ ಬಿಸ್ಕತ್ತಿನ ಬದಲು ಒಂದು ಬಟ್ಟಲು ಕಾಳಿನ ಉಸಲಿ ಬರಲಿ, ರಾತ್ರಿಯ ಸಾರಿನಲ್ಲಿ ಬೇಳೆ ಇಮ್ಮಡಿಯಾಗಲಿ. ಖರ್ಚಿನ ಲೆಕ್ಕ ಬೇಕಾದರೆ ಈ ಸಭೆಯಲ್ಲಿರುವ ಹುಡುಗರೇ ಹಾಕಿಕೊಡುತ್ತಾರೆ, ಇವತ್ತು ಅದನ್ನೇ ಕಲಿತಿದ್ದಾರೆ. ಇಷ್ಟಾದರೆ ಕಾಲೇಜಿನ ಎದುರಿನ ಜಿಮ್‌ನಲ್ಲಿ ಡಬ್ಬಿ ಕೊಳ್ಳುವವರ ಸಂಖ್ಯೆ ತಾನಾಗಿಯೇ ಇಳಿದೀತು, ಭಾರ ಎತ್ತುವವರ ಸಂಖ್ಯೆ ಇಳಿಯಬೇಕಾಗಿಲ್ಲ.